ವಯಸ್ಸಾದ ಮೊಲ: ಮೊದಲು ಹಿಕ್ಕೆ ನೋಡಿ, ಆಮೇಲೆ ಮುದ್ದು ಮಾಡಿ

ಶೆಲ್ಟರಿನ ದತ್ತು ಮೇಜಿನ ಮುಂದೆ ಕೂತವರು ಮೊದಲು ಕೇಳುವುದು, ‘ಇದಕ್ಕೆ ವಯಸ್ಸೆಷ್ಟು?’ ದನದ ಜಾತ್ರೆಯಲ್ಲಿ ಬಾಯಿ ಬಿಡಿಸಿ ಎರಡು ಹಲ್ಲು, ನಾಲ್ಕು ಹಲ್ಲು, ಬಾಯಿಗೂಡಿದ್ದು ಎಂದು ಹೇಳಿಬಿಡುತ್ತಾರಲ್ಲ, ಮೊಲದ ವಿಷಯದಲ್ಲಿ ಆ ಲೆಕ್ಕ ನಡೆಯುವುದಿಲ್ಲ. ಅದರ ಹಲ್ಲು ಬದುಕಿರುವ ತನಕ ಬೆಳೆಯುತ್ತಲೇ ಇರುತ್ತದೆ, ಮುಂದಿನ ಹಲ್ಲಂತೂ ವಾರಕ್ಕೆ ಸುಮಾರು 2 ಮಿ.ಮೀ. ಕಾರ್ಡಿನಲ್ಲಿ ‘6 ವರ್ಷ’ ಎಂದು ಬರೆದಿದ್ದರೆ ಅದು ಉಗುರಿನ ದಪ್ಪ, ಹಿಂಗಾಲಿನ ಅಂಗಾಲಿನ ಸವೆತ, ಕಣ್ಣಿನ ಪೊರೆ, ತೊಡೆಯ ಮಾಂಸ ನೋಡಿ ಹಾಕಿದ ಅಂದಾಜು. ಚೆನ್ನಾಗಿ ಸಾಕಿದ ಮೊಲ 8ರಿಂದ 12 ವರ್ಷ ಬದುಕುತ್ತದೆ. 5–6 ದಾಟಿದ ಮೇಲೆ ಹಿರಿಯರ ಸಾಲಿಗೆ ಸೇರಿಸಿಕೊಂಡೇ ನೋಡಬೇಕು.

ಇಲ್ಲಿ ಹೇಳುತ್ತಿರುವುದು ಸಾಕುಮೊಲದ ವಿಷಯ. ಹೊಲದಲ್ಲಿ ಸಿಕ್ಕ ಕಾಡುಮೊಲವೇ ಬೇರೆ ಜಾತಿ, ಅದನ್ನು ಮನೆಯಲ್ಲಿ ಇಟ್ಟುಕೊಳ್ಳಲು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಿಡುವುದಿಲ್ಲ.

ಮೊಲ ಬೇಟೆಗೆ ಬಲಿಯಾಗುವ ಪ್ರಾಣಿ. ನೋವಿದ್ದರೂ ತೋರಿಸಿಕೊಳ್ಳದೆ ಮೂಲೆಯಲ್ಲಿ ಸುಮ್ಮನೆ ಕೂರುತ್ತದೆ. ‘ಪಾಪ, ವಯಸ್ಸಾಗಿದೆ, ಅದಕ್ಕೇ ಸುಮ್ಮನಿದೆ’ ಎನ್ನುವ ಮಾತು ನಮ್ಮ ಕೆಲಸದಲ್ಲಿ ಅತಿ ಅಪಾಯದ ಮಾತು. ಅದರ ಮುಖ ನೋಡಿ ಏನೂ ತಿಳಿಯದು. ಹಿಕ್ಕೆ, ಹುಲ್ಲು, ತೂಕ ನೋಡಿದರೆ ತಿಳಿಯುತ್ತದೆ.

ಆರೋಗ್ಯವಾಗಿರುವ ಮೊಲ ದಿನಕ್ಕೆ 200–300 ಹಿಕ್ಕೆ ಹಾಕುತ್ತದೆ. ಕಡಲೆಕಾಳಿನ ಗಾತ್ರ, ದುಂಡಗೆ, ಒಡೆದರೆ ಒಳಗೆ ಹುಲ್ಲಿನ ಪುಡಿ. ಯಾರೂ ಒಂದೊಂದಾಗಿ ಎಣಿಸಬೇಕಿಲ್ಲ. ಬೆಳಿಗ್ಗೆ ಟ್ರೇ ಗುಡಿಸುವಾಗ ನಿನ್ನೆಯಷ್ಟೇ ರಾಶಿ ಇದೆಯೇ ಎಂದು ಕಣ್ಣಳತೆಯಲ್ಲಿ ನೋಡಿದರೆ ಸಾಕು. ಹಿಕ್ಕೆ ಸಣ್ಣದಾಗುತ್ತಾ ಬಂದರೆ ತಿನ್ನುವುದು ಕಡಿಮೆಯಾಗಿದೆ ಎಂದರ್ಥ. ಮಣಿಸರದ ಹಾಗೆ ಕೂದಲಿನಲ್ಲಿ ಪೋಣಿಸಿಕೊಂಡು ಬಂದರೆ ಕೂದಲು ಉದುರುವ ಕಾಲ, ದಿನಾ ಬಾಚಬೇಕು. ಹನ್ನೆರಡು ಗಂಟೆ ಏನೂ ತಿನ್ನದೆ ಹಿಕ್ಕೆಯನ್ನೂ ಹಾಕದಿದ್ದರೆ ನಾಳೆಯವರೆಗೆ ಕಾಯುವಂತಿಲ್ಲ. ಕರುಳಿನ ಚಲನೆ ನಿಂತಿದೆ, ಆ ರಾತ್ರಿಯೇ ಡಾಕ್ಟರು ಬೇಕು.

ಹೀಗಾದಾಗ ಮನೆಯವರು ಮಾಡುವ ತಪ್ಪು, ಸಿರಿಂಜಿನಲ್ಲಿ ಏನಾದರೂ ಕುಡಿಸಲು ಹೋಗುವುದು. ಹೊಟ್ಟೆ ಡೋಲಿನಂತೆ ಬಿಗಿದಿದ್ದರೆ ಒಳಗೆ ಏನೋ ಅಡ್ಡ ಸಿಕ್ಕಿರಬಹುದು. ಮೊಲಕ್ಕೆ ವಾಂತಿ ಮಾಡಲು ಬರುವುದಿಲ್ಲವಾದ್ದರಿಂದ ಮೇಲಿಂದ ತುಂಬಿಸಿದರೆ ಜಠರವೇ ಒಡೆದೀತು. ಅಡ್ಡ ಏನೂ ಇಲ್ಲ ಎಂದು ಡಾಕ್ಟರು ಹೇಳಿದ ಮೇಲೆ, ನೆನೆಸಿ ಗಂಜಿಯಂತೆ ಮಾಡಿದ ಪೆಲೆಟ್ಟನ್ನು (ಮೊಲಕ್ಕೆಂದೇ ಸಿಗುವ ಗುಳಿಗೆಯಂಥ ಒಣ ಆಹಾರ) ಕೆಜಿ ತೂಕಕ್ಕೆ 10–15 ಮಿ.ಲೀ.ನಂತೆ ದಿನಕ್ಕೆ ನಾಲ್ಕೈದು ಸಲ, ಬಾಯಿಯ ಪಕ್ಕದಿಂದ, ಒಂದೊಂದು ಗುಟುಕು ನುಂಗಿಸಿ ನುಂಗಿಸಿ ಕೊಡುವುದು. ಕಿವಿ ತಣ್ಣಗಿದ್ದು ಮೈ ಉಷ್ಣತೆ 38 ಡಿಗ್ರಿಗಿಂತ ಕೆಳಗಿದ್ದರೆ ಮೊದಲು ಬೆಚ್ಚಗೆ ಮಾಡಿ. ಟವೆಲ್ಲಿನಲ್ಲಿ ಸುತ್ತಿದ ಬಿಸಿನೀರಿನ ಬಾಟಲಿ ಪಕ್ಕದಲ್ಲಿಟ್ಟು ಡಾಕ್ಟರ ಬಳಿಗೆ ಹೊರಡಿ. ಸಾಮಾನ್ಯವಾಗಿ ಅದರ ಮೈ 38.5ರಿಂದ 40 ಡಿಗ್ರಿ ಇರುತ್ತದೆ.

ತೂಕಕ್ಕೆ ಅಡುಗೆಮನೆಯ ಐದು ಕೆಜಿಯ ತಕ್ಕಡಿಯೇ ಸಾಕು. ಬುಟ್ಟಿಯಲ್ಲಿ ಕೂರಿಸಿ, ಪ್ರತಿ ಭಾನುವಾರ, ಅದೇ ಹೊತ್ತಿಗೆ ತೂಗಿ ಬರೆದಿಡಿ. ಎರಡು ಕೆಜಿ ಮೊಲ ಒಂದೇ ವಾರದಲ್ಲಿ 100 ಗ್ರಾಂ ಇಳಿದರೆ ಅದು ಮೈತೂಕದ ಶೇ 5. ತುಪ್ಪಳದ ಕೆಳಗೆ ಮೂಳೆ ಎದ್ದಿರುವುದು ಕಣ್ಣಿಗೆ ಕಾಣುವ ಹೊತ್ತಿಗೆ ತಡವಾಗಿರುತ್ತದೆ.

ಆಹಾರದ ಎಂಬತ್ತು ಪಾಲು ಒಣಹುಲ್ಲು, ಇದರಲ್ಲಿ ರಾಜಿ ಇಲ್ಲ. ಹುಲ್ಲು ಅಗಿದಾಗ ದವಡೆ ಅಡ್ಡಡ್ಡ ಆಡಿ ಹಿಂದಿನ ಹಲ್ಲುಗಳು ಸವೆಯುತ್ತವೆ. ಬರೀ ಪೆಲೆಟ್ ತಿಂದು ಬೆಳೆದ ಮೊಲಗಳಲ್ಲಿ ಅವು ಮೊನೆಯಾಗಿ ನಾಲಿಗೆಗೂ ಕೆನ್ನೆಗೂ ಚುಚ್ಚುತ್ತವೆ. ಶೆಲ್ಟರಿಗೆ ಬರುವ ಹಿರಿಯ ಮೊಲಗಳಲ್ಲಿ ಕಾಣುವ ದೊಡ್ಡ ತೊಂದರೆಗಳಲ್ಲಿ ಇದೂ ಒಂದು. ಗುರುತು ಹೀಗೆ: ಹುಲ್ಲಿನ ಹತ್ತಿರ ಆಸೆಯಿಂದ ಬರುತ್ತದೆ, ಬಾಯಿಗೆ ತೆಗೆದುಕೊಂಡು ಬಿಟ್ಟುಬಿಡುತ್ತದೆ, ಗದ್ದ ಒದ್ದೆಯಾಗಿರುತ್ತದೆ, ಒಂದೇ ಕಣ್ಣಲ್ಲಿ ನೀರು ಸುರಿಯುತ್ತದೆ. ಹಸಿವಿಲ್ಲ ಎಂದುಕೊಳ್ಳಬೇಡಿ, ಹಸಿವಿದೆ, ಬಾಯಿ ನೋಯುತ್ತಿದೆ. ಅರಿವಳಿಕೆ ಕೊಟ್ಟು ಹಿಂದಿನ ಹಲ್ಲನ್ನು ಉಜ್ಜಿಸಬೇಕು. ಮುಂದಿನ ಹಲ್ಲನ್ನು ನೇಲ್ ಕಟರಿನಲ್ಲಿ ಕತ್ತರಿಸುವ ಮನೆಮದ್ದು ಬೇಡ, ಹಲ್ಲು ಬುಡದ ತನಕ ಸೀಳುತ್ತದೆ.

ಟಿಮೋತಿ ಹುಲ್ಲು ಆನ್‌ಲೈನಿನಲ್ಲಿ ಸಿಗುತ್ತದೆ. ಎರಡು ಕೆಜಿ ಮೊಲಕ್ಕೆ ಒಂದು ಕೆಜಿ ಹುಲ್ಲು ಹತ್ತು ಹನ್ನೆರಡು ದಿನ ಬರುತ್ತದೆ. ಗಣೇಶನಿಗೆ ಏರಿಸುವ ಗರಿಕೆಯೂ ಒಳ್ಳೆಯದೇ, ನಾಯಿ ಓಡಾಡುವ ರಸ್ತೆ ಬದಿಯದು ಮಾತ್ರ ಬೇಡ. ಭತ್ತದ ಹುಲ್ಲು ಹಾಸಲು ಸರಿ, ಹೊಟ್ಟೆಗೆ ಸಾಲದು. ಕುದುರೆ ಮೆಂತ್ಯದ ಸೊಪ್ಪಿನಲ್ಲಿ ಸುಣ್ಣದಂಶ ಹೆಚ್ಚು. ಮೊಲ ತಿಂದ ಕ್ಯಾಲ್ಸಿಯಂನಲ್ಲಿ ಹೆಚ್ಚಾದದ್ದು ಮೂತ್ರದ ಮೂಲಕವೇ ಹೋಗುವುದರಿಂದ, ವಯಸ್ಸಾದ ಮೊಲದ ಮೂತ್ರಚೀಲದಲ್ಲಿ ಅದು ಸುಣ್ಣದ ಗಸಿಯಂತೆ ನಿಲ್ಲುತ್ತದೆ. ತೀರ ಸೊರಗಿದ ಮೊಲಕ್ಕೆ, ಡಾಕ್ಟರು ಹೇಳಿದರೆ ಮಾತ್ರ ಆ ಸೊಪ್ಪು ಕೊಡಿ. ಪೆಲೆಟ್ ಕೆಜಿ ತೂಕಕ್ಕೆ ದಿನಕ್ಕೆ 20–25 ಗ್ರಾಂ ಮೀರದಿರಲಿ. ಸೊಪ್ಪಿನಲ್ಲಿ ಕೊತ್ತಂಬರಿ, ಪುದೀನ, ಸಬ್ಬಸಿಗೆ, ಮೂಲಂಗಿ ಎಲೆ ಚೆನ್ನಾಗಿ ತೊಳೆದು ಒಂದೆರಡು ಹಿಡಿ. ಕ್ಯಾರೆಟ್ ಎರಡು ಸೆಂ.ಮೀ. ತುಂಡು ಸಾಕು, ಅದು ಮೊಲಕ್ಕೆ ಮಿಠಾಯಿ ಇದ್ದ ಹಾಗೆ. ಅನ್ನ, ಚಪಾತಿ, ಬಿಸ್ಕತ್ತು, ಈರುಳ್ಳಿ, ಬೆಣ್ಣೆಹಣ್ಣು ಎಂದಿಗೂ ಬೇಡ. ಅಜ್ಜಿಯರಿಗೆ ಇದನ್ನು ಹೇಳಿ ಒಪ್ಪಿಸುವುದೇ ಕಷ್ಟ.

ನೀರನ್ನು ಭಾರದ ಪಿಂಗಾಣಿ ಬಟ್ಟಲಲ್ಲಿ ಇಡಿ. ಕತ್ತು ನೋಯುವ ಮೊಲ ಬಾಟಲಿಯ ನಳಿಗೆ ಮುಖವೆತ್ತಿ ಕುಡಿಯುವುದಿಲ್ಲ.

ಈಗ ನೆಲ. ನಮ್ಮ ಮನೆಗಳ ನುಣುಪು ಟೈಲ್ಸ್, ಗ್ರಾನೈಟ್ ಹಿರಿಯ ಮೊಲಕ್ಕೆ ಶತ್ರು. ಅಂಗಾಲಿನಲ್ಲಿ ಅದಕ್ಕೆ ನಾಯಿಯಂಥ ಮೆತ್ತೆ ಇಲ್ಲ, ಬರೀ ಕೂದಲು, ಹಾಗಾಗಿ ಕಾಲು ಜಾರಿ ಅಗಲವಾಗುತ್ತದೆ. ಕೆಳಗೆ ಯೋಗ ಮ್ಯಾಟ್, ಮೇಲೆ ಹತ್ತಿಯ ಜಮಖಾನ ಹಾಕಿ, ಜಮಖಾನದ ಕುಚ್ಚು ಕತ್ತರಿಸಿಬಿಡಿ, ತಿಂದರೆ ಕರುಳಿಗೆ ಸುತ್ತಿಕೊಳ್ಳುತ್ತದೆ. ತಂತಿ ಜಾಲರಿಯ ತಳದ ಗೂಡಿನಲ್ಲಿ ಅಂಗಾಲು ಹುಣ್ಣಾಗುತ್ತದೆ. ಟ್ರೇಯ ಒಂದು ಬದಿಯನ್ನು ಐದು ಸೆಂ.ಮೀ. ಎತ್ತರಕ್ಕೆ ಕತ್ತರಿಸಿ. ಟ್ರೇ ಬಿಟ್ಟು ಹೊರಗೆ ಉಚ್ಚೆ ಹೊಯ್ಯುವ ಹಿರಿಯ ಮೊಲಕ್ಕೆ ಹಟವೇನಿಲ್ಲ, ಕೀಲುನೋವಿಗೆ ಅಂಚು ದಾಟಲಾಗುವುದಿಲ್ಲ ಅಷ್ಟೆ. ತಳಕ್ಕೆ ಪೇಪರ್, ಮೇಲೆ ಹುಲ್ಲು. ಬೆಕ್ಕಿಗೆ ಬಳಸುವ ಗಟ್ಟಿಯಾಗುವ ಮಣ್ಣು ಬೇಡ.

ಕೀಲುನೋವಿನಿಂದ ಇನ್ನೊಂದು ತೊಂದರೆ ಹುಟ್ಟುತ್ತದೆ. ರಾತ್ರಿ ಬರುವ, ದ್ರಾಕ್ಷಿಗೊಂಚಲಿನಂಥ ಮೆತ್ತನೆಯ ಹಿಕ್ಕೆಯನ್ನು ಮೊಲ ಬಾಗಿ ಅಲ್ಲಿಂದಲೇ ತಿನ್ನುತ್ತದೆ, ಅದು ಅದಕ್ಕೆ ಬೇಕಾದ ಆಹಾರವೇ. ಬೆನ್ನು ಬಗ್ಗದಿದ್ದರೆ ಅದು ಹಿಂಭಾಗಕ್ಕೆ ಮೆತ್ತಿಕೊಂಡು ಮಳೆಗಾಲದಲ್ಲಿ ನೊಣ ಮುತ್ತುತ್ತದೆ. ಇಟ್ಟ ಮೊಟ್ಟೆ ಒಂದು ದಿನದೊಳಗೆ ಹುಳುವಾಗಿ ಚರ್ಮ ಕೊರೆಯುತ್ತದೆ. ಮಳೆಗಾಲ ಪೂರ್ತಿ ದಿನಕ್ಕೆರಡು ಸಲ ಬಾಲ ಎತ್ತಿ ನೋಡಿ. ಕೊಳೆಯಾದ ಜಾಗವನ್ನಷ್ಟೇ ಉಗುರುಬೆಚ್ಚಗಿನ ನೀರಲ್ಲಿ ಒರೆಸಿ ಒಣಗಿಸಿ, ಇಡೀ ಮೊಲಕ್ಕೆ ಸ್ನಾನ ಮಾಡಿಸಬೇಡಿ.

ಸುತ್ತಲಿನ ಉಷ್ಣತೆ 28–30 ಡಿಗ್ರಿ ದಾಟಿದರೆ ಮೊಲಕ್ಕೆ ಕಷ್ಟ. ಬೆಂಗಳೂರಿನ ಏಪ್ರಿಲ್ಲೇ ಹೆಚ್ಚು, ಬಳ್ಳಾರಿ, ರಾಯಚೂರಿನಲ್ಲಿ ಕೂಲರ್ ಇಲ್ಲದೆ ಸಾಕುವ ಯೋಚನೆ ಬೇಡ. ನೀರು ಹೆಪ್ಪುಗಟ್ಟಿಸಿದ ಬಾಟಲಿಗೆ ಬಟ್ಟೆ ಸುತ್ತಿ ಪಕ್ಕದಲ್ಲಿಡಿ, ಕಿವಿಗೆ ಒದ್ದೆ ಕೈ ಸವರಿ. ದೀಪಾವಳಿಯ ಮೂರು ದಿನ ಒಳಕೋಣೆ, ಮುಚ್ಚಿದ ಕಿಟಕಿ, ಜೋರು ಫ್ಯಾನ್. ಪಟಾಕಿಗೆ ಬೆದರಿದ ಮೊಲ ಮರುದಿನ ಹುಲ್ಲು ಮುಟ್ಟದಿರುವುದುಂಟು.

ಡಾಕ್ಟರನ್ನು ಮೊಲ ಮನೆಗೆ ಬರುವ ಮೊದಲೇ ಗೊತ್ತುಮಾಡಿಕೊಳ್ಳಿ. ಫೋನಿನಲ್ಲಿ ಒಂದೇ ಪ್ರಶ್ನೆ ಸಾಕು: ‘ಆಪರೇಷನ್ನಿಗೆ ಮುಂಚೆ ಮೊಲವನ್ನು ರಾತ್ರಿಯಿಡೀ ಉಪವಾಸ ಇಡಬೇಕೇ?’ ಹೌದು ಎಂದರೆ ಬೇರೆ ಕಡೆ ವಿಚಾರಿಸಿ. ಅದು ನಾಯಿ, ಬೆಕ್ಕಿನ ನಿಯಮ, ಮೊಲದ ಕರುಳು ಖಾಲಿ ಬಿಟ್ಟರೆ ನಿಂತೇಹೋಗುತ್ತದೆ. ನಾಯಿಯ ಉಣ್ಣಿಗೆ ಹೊಡೆಯುವ ಫಿಪ್ರೊನಿಲ್ ಸ್ಪ್ರೇ ಮೊಲದ ಪ್ರಾಣಕ್ಕೇ ಕುತ್ತು. ಬಾಯಿಗೆ ಹಾಕುವ ಅಮಾಕ್ಸಿಸಿಲಿನ್, ಕ್ಲಿಂಡಾಮೈಸಿನ್ ಕೂಡ ಹಾಗೆಯೇ, ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾ ಸತ್ತು ಕೆಟ್ಟವು ವಿಷ ಮಾಡುತ್ತವೆ. ಗರ್ಭಕೋಶ ತೆಗೆಸದ ಹಿರಿಯ ಹೆಣ್ಣುಮೊಲಗಳಲ್ಲಿ ಗರ್ಭಕೋಶದ ಕ್ಯಾನ್ಸರ್ ಬಹಳ ಸಾಮಾನ್ಯ. ಮೂತ್ರ ಕೆಂಪಾದದ್ದೆಲ್ಲ ರಕ್ತವಲ್ಲ, ಸೊಪ್ಪಿನ ಬಣ್ಣವೂ ಇರಬಹುದು, ಪರೀಕ್ಷೆ ಮಾಡಿಸಿದರೆ ಗೊತ್ತಾಗುತ್ತದೆ. ತಲೆ ಒಂದು ಕಡೆಗೆ ವಾಲಿದರೆ ಲಕ್ವ ಎಂದು ಕೈಬಿಡಬೇಡಿ. ಸಾಮಾನ್ಯವಾಗಿ ಅದು ಕಿವಿಯೊಳಗಿನ ಸೋಂಕೋ ಮಿದುಳಿನ ಪರಾವಲಂಬಿಯೋ ಆಗಿರುತ್ತದೆ. ಎರಡನೆಯದಕ್ಕೆ 28 ದಿನದ ಫೆನ್‌ಬೆಂಡಜೋಲ್ ಕೊಡುತ್ತಾರೆ, ತಲೆ ವಾಲಿದ್ದೇ ಉಳಿದರೂ ತಿಂದುಂಡು ಬದುಕುವ ಮೊಲಗಳಿವೆ.

ಎತ್ತುವಾಗ ಒಂದು ಕೈ ಎದೆಯ ಕೆಳಗೆ, ಇನ್ನೊಂದು ಪೃಷ್ಠದ ಕೆಳಗೆ. ಹಿಂಗಾಲು ಗಾಳಿಯಲ್ಲಿ ಬಿಟ್ಟರೆ ಒದ್ದ ರಭಸಕ್ಕೆ ತನ್ನ ಬೆನ್ನುಮೂಳೆಯನ್ನು ತಾನೇ ಮುರಿದುಕೊಳ್ಳುತ್ತದೆ. ಕಿವಿ ಹಿಡಿದು ಎತ್ತುವುದನ್ನು ಮಕ್ಕಳಿಗಿಂತ ಮೊದಲು ದೊಡ್ಡವರು ಬಿಡಬೇಕು.

ಜೋಡಿಯಾಗಿ ಬಂದದ್ದನ್ನು ಜೋಡಿಯಾಗಿಯೇ ಒಯ್ಯಿರಿ. ಒಯ್ಯುವ ದಿನ ಬೆಳಿಗ್ಗೆ ಒಂಬತ್ತರೊಳಗೆ ಬನ್ನಿ, ಬೆಕ್ಕಿನ ಕ್ಯಾರಿಯರ್ ತನ್ನಿ. ಶೆಲ್ಟರಿನಲ್ಲಿ ಅದು ಮಲಗುತ್ತಿದ್ದ ಟವೆಲ್ಲು ಕೊಡುತ್ತೇವೆ, ಅದನ್ನು ಒಗೆಯದೆ ಹಾಗೇ ಗೂಡಿನಲ್ಲಿ ಹಾಸಿ.