ತಪು ಬೇರೆ, ತಪ್ಪು ಬೇರೆ

ಮಾರ್ಚ್ 14, 2024, ಗುರುವಾರ

ಪೆಸಿಫಿಕ್ ದ್ವೀಪಗಳ ಬಗ್ಗೆ ನಾನು ಅನುವಾದ ಮಾಡಿದ್ದ ಲೇಖನದ ಕರಡು ತಿದ್ದುಪಡಿಯಾಗಿ ಇವತ್ತು ವಾಪಸ್ ಬಂತು. ತೆರೆದು ನೋಡಿದರೆ 'ತಪು' ಅಂತ ಬರೆದ ಕಡೆಯೆಲ್ಲ 'ತಪ್ಪು' ಆಗಿದೆ. 'ಕಪು' ಇದ್ದದ್ದು 'ಕಪ್ಪು' ಆಗಿದೆ. ತಿದ್ದಿದವರನ್ನು ದೂರುವ ಹಾಗಿಲ್ಲ, ಒತ್ತಕ್ಷರ ಬಿಟ್ಟುಹೋಗಿದೆ ಅಂತ ಯಾರಿಗಾದರೂ ಅನಿಸುತ್ತದೆ. ಆದರೆ "ನಾಯಕನ ತಲೆ ತಪ್ಪು" ಅನ್ನೋ ಸಾಲು ಓದಿ ನನಗೆ ತುಂಬಾ ಸಂಕಟವಾಯಿತು. ಹೇಳಬೇಕಾಗಿದ್ದದ್ದು ನಾಯಕನ ತಲೆ ಪವಿತ್ರ, ಅದನ್ನು ಮುಟ್ಟಬಾರದು ಅಂತ.

ನಾವು ಟಬೂ, ಟಾಬೂ, ಟ್ಯಾಬೂ ಅಂತ ಒಬ್ಬೊಬ್ಬರು ಒಂದೊಂದು ಥರ ಬರೆಯುತ್ತೇವಲ್ಲ, ಅದೇ ಪದ ಈ 'ತಪು'. ಇಂಗ್ಲಿಷಿಗೆ ಬಂದದ್ದು ಟೋಂಗಾ ದ್ವೀಪಗಳಿಂದ. 1777ರಲ್ಲಿ ಕ್ಯಾಪ್ಟನ್ ಜೇಮ್ಸ್ ಕುಕ್ ಅಲ್ಲಿದ್ದಾಗ ಅಲ್ಲಿನವರನ್ನು ಊಟಕ್ಕೆ ಕರೆದರೆ ಒಬ್ಬರೂ ಕೂರಲಿಲ್ಲ, ಒಂದು ತುತ್ತೂ ತಿನ್ನಲಿಲ್ಲ. ಯಾಕೆ ಅಂದರೆ ಈ ಪದ ಹೇಳಿದರಂತೆ. ಇದಕ್ಕೆ ಅರ್ಥ ಬಹಳ ವಿಶಾಲ, ಸಾಮಾನ್ಯವಾಗಿ ನಿಷೇಧ ಅಂತ ಅಂದುಕೊಳ್ಳಬಹುದು ಅಂತ ಕುಕ್ ಬರೆದುಕೊಂಡ. ಆಮೇಲೆ ಜಗತ್ತು ಎರಡನೇ ಮಾತನ್ನು ಮಾತ್ರ ಇಟ್ಟುಕೊಂಡು ಮೊದಲನೆಯದನ್ನು ಮರೆತುಬಿಟ್ಟಿತು.

ನನಗೆ ಇಷ್ಟವಾದದ್ದು ಸದ್ದಿನ ವಿಷಯ. ಆ ದ್ವೀಪಗಳ ಭಾಷೆಗಳ ಪಕಾರದಲ್ಲಿ ಉಸಿರಿನ ಒತ್ತು ಇಲ್ಲ, ನಮ್ಮ 'ಪ' ಇದ್ದ ಹಾಗೆ. ಇಂಗ್ಲಿಷ್ ಕಿವಿಗೆ ಅದು 'ಬ' ಅಂತ ಕೇಳಿಸಿತು. ಅಲ್ಲಿ ಒತ್ತಿ ಹೇಳೋದು ಮೊದಲ ಅಕ್ಷರವನ್ನು, ಇಂಗ್ಲಿಷಿನವರು ಕೊನೆಯದನ್ನು ಒತ್ತಿ 'ಬೂ' ಅಂತ ಎಳೆದರು. ನಮಗೆ 'ತ' ಇದೆ, 'ಪ' ಇದೆ, ಅಂದರೂ ನಾವು ಇಂಗ್ಲಿಷಿನ ಬಾಯಿಂದ ಕೇಳಿ ಟಕಾರ ಹಾಕಿ ಬರೆಯುತ್ತಿದ್ದೇವೆ. ಸುಮ್ನೆ 'ತಪು' ಅಂದರೆ ನ್ಯೂಜಿಲೆಂಡಿನ ಮಾವೊರಿ ಜನ ಹೇಳೋದಕ್ಕೆ ಎಷ್ಟೋ ಹತ್ತಿರವಾಗುತ್ತದೆ.

ಒಂದೊಂದು ಕಡೆ ಒಂದೊಂದು ರೂಪ. ಫಿಜಿಯಲ್ಲಿ ಬರೆಯೋದು 'ತಬು', ಆದರೆ ಅಲ್ಲಿನ ಬಕಾರಕ್ಕೆ ಮೊದಲು ಒಂದು ಮಕಾರದ ಸದ್ದು ಬರುತ್ತದೆ, ಹಾಗಾಗಿ ಕೇಳೋದು 'ತಂಬು'. ಪಪುವಾ ನ್ಯೂಗಿನಿಯ ಟೋಕ್ ಪಿಸಿನ್ ಭಾಷೆಯಲ್ಲಿ ಬರವಣಿಗೆಯಲ್ಲೇ 'ತಂಬು'. ಅಲ್ಲಿ ಈ ಪದಕ್ಕೆ ನಿಷೇಧ ಅನ್ನೋ ಅರ್ಥದ ಜೊತೆ ಮದುವೆಯಿಂದ ಆದ ನೆಂಟರು ಅಂತಲೂ ಅರ್ಥ ಇದೆ. ಅಲ್ಲಿನ ಅನೇಕ ಸಮುದಾಯಗಳಲ್ಲಿ ಅತ್ತೆ ಮಾವನ ಹೆಸರು ಬಾಯಲ್ಲಿ ಹೇಳುವಂತಿಲ್ಲ. ಹೆಸರು ಹೇಳಬಾರದವರಿಗೆ ಆ ಪದವೇ ಹೆಸರಾಯಿತು, ಎಷ್ಟು ಚೆಂದ ಅಲ್ವಾ.

ಹವಾಯಿಯಲ್ಲಿ ತಕಾರ ಕಕಾರವಾಗುತ್ತದೆ, ಅದಕ್ಕೇ 'ಕಪು'. ಅಲ್ಲಿ ಗಂಡಸರು ಹೆಂಗಸರು ಒಟ್ಟಿಗೆ ಕೂತು ಉಣ್ಣೋದು ಕಪು ಆಗಿತ್ತು. ಹೆಂಗಸರು ಹಂದಿಮಾಂಸ, ತೆಂಗಿನಕಾಯಿ, ಹೆಚ್ಚಿನ ಜಾತಿಯ ಬಾಳೆಹಣ್ಣು ತಿನ್ನುವಂತಿರಲಿಲ್ಲ. ಮುರಿದರೆ ಮರಣದಂಡನೆಯೂ ಆಗಬಹುದಿತ್ತು. 1819ರ ಮೇ ತಿಂಗಳಲ್ಲಿ ಅಲ್ಲಿನ ಅರಸ ಮೊದಲನೇ ಕಮೆಹಮೆಹ ತೀರಿಕೊಂಡ ಮೇಲೆ ಅದೇ ವರ್ಷ ಅವನ ಮಗ ಲಿಹೊಲಿಹೊ, ತಂದೆಯ ರಾಣಿಯರಾದ ಕಾಹುಮನು ಮತ್ತು ಕೆಒಪುಒಲನಿ ಒತ್ತಾಸೆಯಿಂದ, ಎಲ್ಲರೆದುರು ಹೆಂಗಸರ ಪಂಕ್ತಿಯಲ್ಲಿ ಕೂತು ಊಟ ಮಾಡಿಬಿಟ್ಟ. ಆ ಒಂದು ಊಟಕ್ಕೆ ಹಳೆಯ ವ್ಯವಸ್ಥೆಯೇ ಕುಸಿಯಿತು. ಅಮೆರಿಕದ ಮಿಷನರಿಗಳು ಬಂದದ್ದು 1820ರಲ್ಲಿ, ಅದಾದ ಮೇಲೆ. ಇವತ್ತು ಅಲ್ಲಿ ಗೇಟಿನ ಮೇಲೆ 'ಕಪು' ಅಂತ ಬೋರ್ಡ್ ಇದ್ದರೆ ಒಳಗೆ ಬರಬೇಡಿ ಅಂತ ಅರ್ಥ.

ತಹಿತಿಯಲ್ಲಿ ಪದಗಳ ಮೇಲೇ ನಿಷೇಧ ಬೀಳುತ್ತಿತ್ತು. ಅರಸ ಪೊಮಾರೆ ಅನ್ನೋ ಹೆಸರು ಇಟ್ಟುಕೊಂಡ ಮೇಲೆ ರಾತ್ರಿ ಅನ್ನೋ ಅರ್ಥದ 'ಪೊ' ಜನರ ಬಾಯಿಂದ ಹೋಗಿ 'ರುಇ' ಬಂತು.

ಇಷ್ಟೆಲ್ಲ ಇರೋ ಪದಕ್ಕೆ 'ನಿಷಿದ್ಧ' ಅಂತ ಒಂದೇ ಮಾತು ಹಾಕಿದರೆ ಅರ್ಧ ಅರ್ಥ ಹೋಗುತ್ತದೆ. ಮಾವೊರಿಯಲ್ಲಿ ತಲೆಯೂ ತಪು, ಸ್ಮಶಾನವೂ ತಪು, ಹೆಣವೂ ತಪು. ಸ್ಮಶಾನದಿಂದ ಹೊರಗೆ ಬರುವಾಗ ಅವರು ಕೈಗೆ ನೀರು ಹಾಕಿಕೊಳ್ಳುತ್ತಾರೆ. ನಮ್ಮ ಮಡಿ, ಮೈಲಿಗೆ ಎರಡನ್ನೂ ಒಂದೇ ಪದದಲ್ಲಿ ಕಟ್ಟಿದ ಹಾಗೆ. ಅದು ತಪ್ಪು ಸರಿಗಳ ಲೆಕ್ಕ ಅಲ್ಲವೇ ಅಲ್ಲ. ಬೇರೆ ಇಟ್ಟದ್ದು, ಶಕ್ತಿ ಇರುವಂಥದ್ದು, ಹುಷಾರಾಗಿರಬೇಕಾದದ್ದು.

ಮಧ್ಯಾಹ್ನ ಕೂತು ಎಲ್ಲವನ್ನೂ ಮತ್ತೆ ಮೊದಲಿನಂತೆ ಮಾಡಿದೆ. ಮಾವೊರಿ ಜನರ ವಿಷಯ ಬಂದಲ್ಲಿ ತಪು, ಹವಾಯಿ ಬಂದಲ್ಲಿ ಕಪು, ಸಾಮಾನ್ಯ ಮಾತಿಗೆ ಮಾತ್ರ ಟಬೂ. ಮೊದಲ ಸಲ ಬರುವಲ್ಲಿ ಒತ್ತಕ್ಷರ ಇಲ್ಲ ಅಂತ ತಿದ್ದುವವರಿಗೆ ಒಂದು ಸಾಲು ಬರೆದಿಟ್ಟೆ.

ಉಳಿದದ್ದು ಅದರ ಎದುರು ಪದ. ತಪು ಇಲ್ಲದ, ಎಲ್ಲರೂ ಮುಟ್ಟಬಹುದಾದ, ಸಾಮಾನ್ಯವಾದ ಸ್ಥಿತಿಗೆ ಮಾವೊರಿ ಜನ ಹೇಳೋದು 'ನೋಅ'. ಕನ್ನಡದಲ್ಲಿ ಪದದ ನಡುವೆ ಹೀಗೆ ಸ್ವರ ಬಂದರೆ ಅಚ್ಚಿನ ತಪ್ಪಿನಂತೆ ಕಾಣುತ್ತದೆ. 'ನೋವಾ' ಅಂತ ಬರೆದರೆ ಓದುವವರಿಗೆ ನೋವು ನೆನಪಾಗುತ್ತದೆ. ನಾಳೆ ಬೆಳಿಗ್ಗೆ ಫೋನ್ ಮಾಡಿ ತಿದ್ದಿದವರ ಹತ್ತಿರವೇ ಕೇಳುತ್ತೇನೆ.