ಧಾರವಾಡದಿಂದ ದೆಹಲಿಯ ಏಷ್ಯಾಡ್ ಗ್ರಾಮಕ್ಕೆ

ದೆಹಲಿಗೆ ಹೊರಡುವ ನಮ್ಮ ಹುಬ್ಬಳ್ಳಿ-ಧಾರವಾಡದ ಕಡೆಯವರ ಪಟ್ಟಿಯಲ್ಲಿ ಕೆಂಪುಕೋಟೆ, ಕುತುಬ್ ಮಿನಾರ್, ಅಕ್ಷರಧಾಮ ತಪ್ಪದೆ ಇರುತ್ತವೆ. 1982ರ ಏಷ್ಯನ್ ಕ್ರೀಡಾಕೂಟದ ಆಟಗಾರರಿಗಾಗಿ ಕಟ್ಟಿ, ಆಮೇಲೆ ವಸತಿ ಬಡಾವಣೆಯಾದ ಏಷ್ಯಾಡ್ ಗ್ರಾಮ ಮಾತ್ರ ಇರುವುದಿಲ್ಲ. ಮನೆ ಕಟ್ಟಿಸುವ ಯೋಚನೆಯಲ್ಲಿರುವವರು ಮತ್ತು ವಾಸ್ತುಶಿಲ್ಪ ಓದುವ ಮಕ್ಕಳಿರುವವರು ಇದಕ್ಕೆ ಅರ್ಧ ದಿನ ತೆಗೆದಿಡಬೇಕೆಂಬುದು ನನ್ನ ಅಭಿಪ್ರಾಯ. ಆದರೆ ಇಲ್ಲಿ ಟಿಕೆಟ್ ಇಲ್ಲ, ಗೈಡ್ ಇಲ್ಲ. ಜನ ಸಂಸಾರ ಮಾಡಿಕೊಂಡಿರುವ ಓಣಿಗಳಿಗೆ ನಾವು ಹೋಗುತ್ತಿದ್ದೇವೆ ಎಂಬ ಅರಿವಿನಿಂದಲೇ ಹೋಗಬೇಕು.

ಹುಬ್ಬಳ್ಳಿಯ ಮೇಲೆ ಹಾಯುವ ಸಂಪರ್ಕ ಕ್ರಾಂತಿಯಾಗಲಿ, ಲೋಂಡಾದಲ್ಲಿ ಹತ್ತಬಹುದಾದ ಗೋವಾ ಎಕ್ಸ್‌ಪ್ರೆಸ್ ಆಗಲಿ ನಿಜಾಮುದ್ದೀನ್ ನಿಲ್ದಾಣಕ್ಕೆ ಮುಟ್ಟಿಸುತ್ತವೆ. ಅಲ್ಲಿಂದ ಮೆಟ್ರೋದ ಪಿಂಕ್ ಲೈನಿನಲ್ಲಿ ಐಎನ್‌ಎ ತನಕ ಹೋಗಿ, ಯೆಲ್ಲೋ ಲೈನಿಗೆ ಬದಲಾಯಿಸಿ, ಗ್ರೀನ್ ಪಾರ್ಕ್‌ನಲ್ಲಿ ಇಳಿದು ಆಟೋ ಹಿಡಿಯಬೇಕು. ಆಟೋದವರಿಗೆ ಬರೀ ಕ್ರೀಡಾಗ್ರಾಮ ಎಂದರೆ ಸಾಲದು. 2010ರ ಕಾಮನ್‌ವೆಲ್ತ್ ಕ್ರೀಡಾಕೂಟದ ಗ್ರಾಮ ಅಕ್ಷರಧಾಮದ ಪಕ್ಕದಲ್ಲಿ, ಯಮುನೆಯ ಆಚೆ ದಡದಲ್ಲಿದೆ. ‘ಸಿರಿ ಫೋರ್ಟ್ ಆಡಿಟೋರಿಯಂ’ ಎಂದು ಹೇಳುವುದೇ ಸುರಕ್ಷಿತ; ಗ್ರಾಮ ಅದರ ನೆರೆಯಲ್ಲೇ ಇದೆ.

ಗೇಟಿನಲ್ಲಿ ಕಾವಲುಗಾರರು ವಿಚಾರಿಸುತ್ತಾರೆ. ಕಟ್ಟಡಗಳನ್ನು ನೋಡಲು ಬಂದಿದ್ದೇವೆ ಎಂದು ನೇರವಾಗಿ ಹೇಳಿ, ಬೇಡವೆಂದರೆ ವಾದಕ್ಕಿಳಿಯದೆ ಹಿಂತಿರುಗುವ ಮನಸ್ಸಿರಲಿ. ನಮ್ಮನ್ನು ಒಳಗೆ ಬಿಟ್ಟರು. ಸ್ವಲ್ಪ ದೂರ ನಡೆಯುವಷ್ಟರಲ್ಲಿ ಜೊತೆಗಿದ್ದ ಸೋದರಳಿಯ, “ಮಾಮಾ, ಇಲ್ಲಿ ಒಂದೂ ಗಾಡಿ ಕಾಣವಲ್ದಲ್ರೀ!” ಎಂದ. ನೋಡಬೇಕಾದದ್ದು ಅದನ್ನೇ. ವಾಸ್ತುಶಿಲ್ಪಿ ರಾಜ್ ರೇವಾಲ್ ಅವರು ಸುಮಾರು 35 ಎಕರೆಯಲ್ಲಿ 200 ಬಿಡಿ ಮನೆಗಳನ್ನೂ 500 ಫ್ಲಾಟುಗಳನ್ನೂ ಯೋಜಿಸುವಾಗ ವಾಹನಗಳನ್ನು ಅಂಚಿನ ರಸ್ತೆಗಳಿಗೆ ಸರಿಸಿ, ನಡುವಿನ ಓಣಿಗಳನ್ನೂ ಅಂಗಳಗಳನ್ನೂ ನಡೆಯುವವರಿಗೇ ಬಿಟ್ಟರು. ರಾಜಸ್ಥಾನದ ಹಳೆಯ ಊರುಗಳ ಇಕ್ಕಟ್ಟಾದ, ನೆರಳಿರುವ ಬೀದಿಗಳು ಅವರಿಗೆ ಮಾದರಿಯಾಗಿದ್ದವು. ಓಣಿಯಿಂದ ಓಣಿಗೆ ಹೋಗುವಾಗ ತಲೆಯ ಮೇಲೆ ಕಟ್ಟಡವೇ ಸೇತುವೆಯಂತೆ ಹಾಯ್ದು ಬಾಗಿಲಿನ ಆಕಾರ ತಾಳುತ್ತದೆ. ನಮ್ಮ ಹಳ್ಳಿಗಳ ಅಗಸಿ ಬಾಗಿಲು ದಾಟಿದಂತೆಯೇ ಒಳಗಿನ ಓಣಿ ಬೇರೆಯದೆನಿಸುತ್ತದೆ. ಗೋಡೆಯ ಹತ್ತಿರ ನಿಂತು ಗಮನಿಸಿ: ದೂರಕ್ಕೆ ಮರಳುಗಲ್ಲಿನಂತೆ ಕಾಣುವ ಮೇಲ್ಮೈ ಸಣ್ಣ ಕಲ್ಲುಹರಳು ಕಲಸಿದ ಗಾರೆ, ಕೈಗೆ ಒರಟಾಗಿ ತಾಗುತ್ತದೆ. ಅಲ್ಲಲ್ಲಿ ನಿವಾಸಿಗಳು ಬಾಲ್ಕನಿ ಮುಚ್ಚಿಕೊಂಡಿದ್ದಾರೆ, ಏಸಿ ಪೆಟ್ಟಿಗೆ ತೂಗುಹಾಕಿದ್ದಾರೆ. ಬದುಕುವ ಜಾಗ ಹಾಗೆಯೇ ಇರಬೇಕು. ಅದರಿಂದ ನನಗೇನೂ ಬೇಸರವಾಗಲಿಲ್ಲ. ಇದೇ ರೇವಾಲ್ ವಿನ್ಯಾಸಗೊಳಿಸಿದ್ದ, ಪ್ರಗತಿ ಮೈದಾನದ ಹಾಲ್ ಆಫ್ ನೇಷನ್ಸ್ ಎಂಬ ವಸ್ತುಪ್ರದರ್ಶನ ಭವನ 2017ರಲ್ಲಿ ನೆಲಸಮವಾಯಿತು. ಜನ ವಾಸವಾಗಿರುವುದೇ ಈ ಮನೆಗಳಿಗೆ ಕಾವಲಾಗಿರಬಹುದು. ನಮ್ಮಲ್ಲಿ ಹೊಸ ಲೇಔಟ್ ಎಂದರೆ ಮೊದಲು ಮೂವತ್ತು ಅಡಿ ರಸ್ತೆ ಅಳೆದು ಆಮೇಲೆ ಸೈಟು ಹಾಕುತ್ತಾರೆ. ಆ ಲೆಕ್ಕ ತಿರುವುಮುರುವಾದರೆ ಏನಾಗುತ್ತದೆಂಬುದನ್ನು ಇಲ್ಲಿ ಕಾಲ್ನಡಿಗೆಯಲ್ಲೇ ಅರಿಯಬಹುದು.

ಆಟಗಾರರ ಕುರುಹು ಹುಡುಕುವವರಿಗೆ ಹೆಚ್ಚೇನೂ ಸಿಗದು. ನವೆಂಬರ್ 19ರಿಂದ ಡಿಸೆಂಬರ್ 4ರವರೆಗೆ ನಡೆದ, ಪಿ.ಟಿ. ಉಷಾ ಎರಡು ಬೆಳ್ಳಿ ಗೆದ್ದ ಆ ಕೂಟವನ್ನು ಮಕ್ಕಳಿಗೆ ನೀವೇ ಹೇಳಬೇಕಾಗುತ್ತದೆ.

ಮನೆಗಳ ಕಿಟಕಿ, ಒಣಗಲು ಹಾಕಿದ ಬಟ್ಟೆ, ಆಡುವ ಮಕ್ಕಳು ಚಿತ್ರದಲ್ಲಿ ಬಾರದಂತೆ ಎಚ್ಚರ ವಹಿಸಿ. ಫೆಬ್ರವರಿಯ ಬೆಳಗ್ಗೆ ಉತ್ತಮ. ನವೆಂಬರಿನಲ್ಲಿ ಹೊಗೆ, ಜನವರಿಯಲ್ಲಿ ಮಂಜಿನಿಂದ ರೈಲು ತಡ, ಮೇ ತಿಂಗಳ ಬಿಸಿಲನ್ನಂತೂ ಧಾರವಾಡದವರು ತಡೆಯಲಾರರು.

ಉಳಿದ ಹೊತ್ತಿನಲ್ಲಿ ಸಮೀಪದ ಸಿರಿ ಕೋಟೆಯ ಮುರಿದ ಗೋಡೆಗಳನ್ನು ನೋಡಬಹುದು. 14ನೆಯ ಶತಮಾನದ ಆರಂಭದಲ್ಲಿ ಇದನ್ನು ಕಟ್ಟಿಸಿದವನು ಅಲ್ಲಾವುದ್ದೀನ್ ಖಿಲ್ಜಿ. ಅವನ ದಂಡನಾಯಕ ಮಲಿಕ್ ಕಾಫೂರನೇ 1311ರಲ್ಲಿ ಹೊಯ್ಸಳರ ದೋರಸಮುದ್ರಕ್ಕೆ ನುಗ್ಗಿದವನು. ಊಟಕ್ಕೆ ಪಕ್ಕದ ಶಾಹಪುರ್ ಜಾಟ್ ಅನುಕೂಲ. ಹಿಂದಿರುಗುವಾಗ ವಿಮಾನ ಹಿಡಿಯುವವರು ಗ್ರೀನ್ ಪಾರ್ಕ್‌ಗೆ ಮರಳಬೇಕಿಲ್ಲ. ಪಂಚಶೀಲ್ ಪಾರ್ಕ್‌ನಿಂದ ಮೆಜೆಂಟಾ ಲೈನ್ ನೇರವಾಗಿ ಟರ್ಮಿನಲ್ 1ಕ್ಕೆ ಹೋಗುತ್ತದೆ.