ಧಾರವಾಡಕ್ಕೆ ಹೋಗುವಾಗ ಮೊಲಗಳನ್ನ ಏನ್ ಮಾಡ್ದೆ?

ರಜೆಗೆ ಊರಿಗೆ ಬಂದಾಗೆಲ್ಲ ಯಾರಾದ್ರೂ ಒಬ್ರು ಕೇಳೇ ಕೇಳ್ತಾರೆ, "ನಿನ್ ಮೊಲ ಎರಡಿದ್ವಲ್ಲ, ಏನ್ ಮಾಡ್ದೆ?" ಅಂತ. ಪಿಯುಸಿ ಮುಗಿಸಿ ಹಾಸ್ಟೆಲ್‌ಗೆ ಹೊರಟಿರೋರೂ ಮೆಸೇಜ್ ಮಾಡಿ ಇದನ್ನೇ ಕೇಳ್ತಾರೆ, ಅದಕ್ಕೆ ಒಂದ್ಸಲ ಪೂರ್ತಿ ಬರೀತಿದೀನಿ.

ನಮ್ಮದು ದಾವಣಗೆರೆ. ಲಾಕ್‌ಡೌನ್ ಟೈಮಲ್ಲಿ ಅಪ್ಪ ತಂದುಕೊಟ್ಟಿದ್ದು ಗುಂಡ ಮತ್ತೆ ಸುಬ್ಬಿ, 2024ರಲ್ಲಿ ನಂಗೆ ಧಾರವಾಡದ ಕೃಷಿ ವಿಶ್ವವಿದ್ಯಾಲಯದಲ್ಲಿ ಸೀಟು ಸಿಕ್ಕಾಗ ಅವಕ್ಕೆ ನಾಲ್ಕು ವರ್ಷ. ಚೆನ್ನಾಗಿ ನೋಡ್ಕೊಂಡ್ರೆ ಮೊಲ 8ರಿಂದ 12 ವರ್ಷ ಬದುಕುತ್ತೆ, ಅಂದ್ರೆ ನನ್ನ ಡಿಗ್ರಿ ಮುಗಿದ ಮೇಲೂ ಅವು ಇರ್ತಾವೆ. ಹಾಸ್ಟೆಲಲ್ಲಿ ಸಾಕೋ ಹಾಗಿಲ್ಲ, ಮನೇಲಿ ಅಪ್ಪ ಅಮ್ಮ ಇಬ್ರೂ ಬೆಳಿಗ್ಗೆ ಎಂಟಕ್ಕೆ ಕೆಲಸಕ್ಕೆ ಹೋದ್ರೆ ಬರೋದು ಸಂಜೇನೇ.

ಎಲ್ರೂ ಮೊದ್ಲು ಹೇಳಿದ್ದು "ಕೊಂಡಜ್ಜಿ ಗುಡ್ಡದಲ್ಲಿ ಬಿಟ್ಬಿಡು, ಹುಲ್ಲು ಬೇಕಾದಷ್ಟಿದೆ, ಆರಾಮಾಗಿರ್ತಾವೆ". ಇದನ್ನ ಕೇಳಿದ್ರೆ ನಂಗೆ ಈಗ್ಲೂ ಸಂಕಟ ಆಗುತ್ತೆ. ರಾತ್ರಿ ಬೈಕ್ ಲೈಟಿಗೆ ಅಡ್ಡ ಓಡೋ ನಮ್ಮ ಕಾಡುಮೊಲವೇ ಬೇರೆ, ಮನೇಲಿ ಸಾಕೋ ಮೊಲದ ಮೂಲ ಯುರೋಪು, ಎರಡೂ ಒಂದೇ ಜಾತಿ ಅಲ್ವೇ ಅಲ್ಲ. ಕಾಡುಮೊಲದ ಮರಿ ಹುಟ್ಟುವಾಗ್ಲೇ ಮೈತುಂಬ ಕೂದ್ಲು, ಕಣ್ಣೂ ಬಿಟ್ಟಿರುತ್ತೆ. ನಮ್ಮ ಸುಬ್ಬಿ ಮರಿಗಳು ಕೂದ್ಲೇ ಇಲ್ದೆ ಕೆಂಪಗೆ ಹೆಬ್ಬೆರಳಷ್ಟಿದ್ವು, ಕಣ್ಣು ಬಿಡೋಕೆ ಹತ್ತು ದಿನ ಬೇಕಾಯ್ತು. ಬೆಳ್ಳಗೆ ದೂರದಿಂದ್ಲೇ ಕಾಣೋ, ಕೈ ಚಾಚಿದ್ರೆ ಓಡಿ ಬರೋ ಪ್ರಾಣಿ ಅದು, ಗುಡ್ಡದಲ್ಲಿ ನಾಯಿ ನರಿ ಮಧ್ಯೆ ಒಂದ್ ರಾತ್ರಿ ಕಳೆಯೋದೂ ಕಷ್ಟ. ಸಾಕಿದ ಪ್ರಾಣೀನ ಹಸಿವು ಬಾಯಾರಿಕೇಲಿ ನರಳೋ ಹಾಗೆ ಬಿಟ್ಟು ಬರೋದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆ ಪ್ರಕಾರ ಅಪರಾಧ ಕೂಡ.

ತಂದ ಅಂಗಡಿಗೇ ವಾಪಸ್ ಕೊಡು ಅಂದ್ರು. ಎರಡೂ ಹೆಣ್ಣು ಅಂತ ಹೇಳಿ ಕೊಟ್ಟಿದ್ದ ಅಂಗಡಿ ಅದು, ಕೆಲವೇ ತಿಂಗಳಲ್ಲಿ ಆರು ಮರಿ ಆದ್ಮೇಲೇ ಗುಂಡ ಗಂಡು ಅಂತ ಗೊತ್ತಾಗಿದ್ದು, ಆಮೇಲೆ ಆಪರೇಷನ್ ಮಾಡಿಸಿದ್ವಿ. (ಮೊಲ ಗಬ್ಬ ಕಟ್ಟಿದ್ರೆ 31 ದಿನಕ್ಕೆಲ್ಲ ಮರಿ, ಹಾಕಿದ ದಿನವೇ ಮತ್ತೆ ಗಬ್ಬ ಕಟ್ಟಬಹುದು, ಆಪರೇಷನ್ ಮಾಡಿಸ್ದೆ ಜೋಡೀನ ಯಾರಿಗೂ ಕೊಡಬೇಡಿ.) ಮೊಲ ಸಾಕಣೆ ಮಾಡೋರೊಬ್ರೂ ಕೇಳಿದ್ರು, ಮಾಂಸಕ್ಕೆ ಅಂತ ನೇರವಾಗೇ ಹೇಳಿದ್ರು, ಮುಚ್ಚಿಡ್ಲಿಲ್ಲ ಅನ್ನೋದಕ್ಕೆ ಅವರ ಮೇಲೆ ನಂಗೆ ಗೌರವ ಇದೆ.

ಇಷ್ಟಪಡೋರಿಗೇನೂ ಕಮ್ಮಿ ಇರಲಿಲ್ಲ. ಕಸಿನ್ಸ್ ಎಲ್ಲ ನಂಗೆ ಕೊಡು ನಂಗೆ ಕೊಡು ಅಂತಿದ್ರು, ಎತ್ಕೊಂಡು ಮುದ್ದಾಡಿ ಕ್ಯಾರೆಟ್ ತಿನ್ನಿಸಿ ರೀಲ್ಸ್ ಮಾಡ್ತಿದ್ರು, ಆದ್ರೆ ಒಬ್ರೂ ಬುಟ್ಟಿಲಿರೋ ಹುಲ್ಲು ಖಾಲಿ ಆಗಿದ್ಯಾ ಅಂತ ಬಗ್ಗಿ ನೋಡಿದ್ದು ನಾನು ಕಾಣೆ. ಮೊಲದ ಮುಖ್ಯ ಊಟ ಹುಲ್ಲೇ, ಜೀವಮಾನ ಪೂರ್ತಿ ಹಲ್ಲು ಬೆಳೀತಾನೇ ಇರುತ್ತೆ, ಹುಲ್ಲು ಅಗಿದ್ರೇನೇ ಅದು ಸವೆಯೋದು.

ಎದುರುಮನೆ ಅಜ್ಜಿ ಮೊಲಗಳನ್ನ ಎತ್ತಿದ್ದೇ ಇಲ್ಲ. ದಿನಾ ಕೊತ್ತಂಬರಿ ದಂಟು, ಮೂಲಂಗಿ ಸೊಪ್ಪು ತಂದು ಹಾಕಿ, ಪಕ್ಕದಲ್ಲಿ ಕೂತು ನೋಡ್ತಿದ್ರು ಅಷ್ಟೇ. ನಾನು ಹೊರಡೋಕೆ ಮುಂಚೆ ಹದಿನೈದು ದಿನ ಅವರ ಮನೇಲೇ ಬಿಟ್ಟು ನೋಡಿದೆ, ಬೀದಿ ದಾಟಿದ್ರೆ ನಾನಿದ್ದೆ. ಒಂಬತ್ತನೇ ದಿನ ಬೆಳಿಗ್ಗೆ ಆರಕ್ಕೆ ಗೇಟ್ ಹತ್ರ ನಿಂತು ಕರೆದ್ರು, "ಏ ಹುಡ್ಗಿ, ಗುಂಡ ರಾತ್ರಿ ಹುಲ್ಲು ಮುಟ್ಟಿಲ್ಲ ಕಣೇ, ಹಿಕ್ಕೆ ನೋಡು ಬಾ". ಅಂಗೈಲಿ ಕಾಗದದ ಮೇಲೆ ಇಟ್ಕೊಂಡಿದ್ರು. ದಿನಾ ಕಡ್ಲೆಕಾಳಿನಷ್ಟು ಇರ್ತಿದ್ದಿದ್ದು ಅವತ್ತು ಮೆಣಸಿನಕಾಳಿಗಿಂತ ಸಣ್ಣದು, ಅದೂ ನಾಕೇ ನಾಕು. ಮೊಲ ಅರ್ಧ ದಿನ ತಿನ್ನದೇ ಇದ್ರೆ ಕರುಳು ಓಡೋದೇ ನಿಂತುಹೋಗಬಹುದು, ಪ್ರಾಣಕ್ಕೇ ಬರುತ್ತೆ. ಡಾಕ್ಟ್ರ ಹತ್ರ ಓಡಿದ್ವಿ, ಸಿರಿಂಜಲ್ಲಿ ತಿನ್ನಿಸಿ ತಿನ್ನಿಸಿ ಮಾರನೇ ದಿನ ಸಂಜೆ ಹೊತ್ತಿಗೆ ತಾನೇ ಗರಿಕೆ ಕಡಿದ. ಅವತ್ತೇ ನಿರ್ಧಾರ ಆಗಿದ್ದು.

ಇನ್ನೊಂದು ಮಾತು. "ನೋಡ್ಕೊಳ್ತಿರಿ, ನಾನು ಬಂದು ಕರ್ಕೊಂಡು ಹೋಗ್ತೀನಿ" ಅಂತ ಹೇಳ್ಲಿಲ್ಲ ನಾನು, "ಅಜ್ಜಿ, ಇನ್ಮೇಲೆ ಇವು ನಿಮ್ಮವೇ" ಅಂದೆ. ಅವು ಹುಷಾರಿಲ್ದಾಗ ಅಜ್ಜಿ ನಂಗೆ ಫೋನ್ ಮಾಡಿ ಕೇಳೋವರ್ಗೂ ಕಾಯಬಾರದು ಅಂತ. ಆ ಮಾತು ಬಾಯಿಂದ ಬರೋಕೆ ಎರಡು ದಿನ ಬೇಕಾಯ್ತು. ದೀಪಾವಳಿಗೆ ಬಂದಾಗ ಸುಬ್ಬಿ ನನ್ನ ಕೈ ಮೂಸಿ, ಹೋಗಿ ಅಜ್ಜಿ ಸೀರೆ ನೆರಿಗೆ ಪಕ್ಕ ಕೂತ್ಲು, ಅಳು ತಡ್ಕೊಳ್ಳೋಕೆ ಆಗ್ಲಿಲ್ಲ.

ನನ್ನ ಪಾಲಿನ ಕೆಲಸ ಈಗ್ಲೂ ಇದೆ, ರಜೇಲಿ ಬಂದು ಗರಿಕೆ ಕೊಯ್ದು ಟೆರೇಸ್ ಮೇಲೆ ಒಣಗಿಸಿ ಚೀಲ ತುಂಬಿಡ್ತೀನಿ, ಏಪ್ರಿಲ್ ಬಿಸಿಲಿಗೆ ಬಾಟ್ಲಿಲಿ ನೀರು ಐಸ್ ಮಾಡಿ ಬಟ್ಟೆ ಸುತ್ತಿ ಪಕ್ಕದಲ್ಲಿಡೋಕೆ ಹೇಳ್ಕೊಟ್ಟಿದೀನಿ. ಮೊಲ ನೋಡಿ ಅಭ್ಯಾಸ ಇರೋ ಡಾಕ್ಟ್ರ ನಂಬರ್ ಅಜ್ಜಿ ಗೋಡೆ ಮೇಲಿದೆ, ಯಾಕಂದ್ರೆ ನಾಯಿಗೆ ಕೊಡೋ ಅಮಾಕ್ಸಿಸಿಲಿನ್ ಮೊಲದ ಬಾಯಿಗೆ ಹಾಕಿದ್ರೆ ಅದ್ರಿಂದ್ಲೇ ಸಾಯಬಹುದು.

ನೀವು ಈ ವರ್ಷ ಹೊರಡೋರಾದ್ರೆ ಸಿಇಟಿ ರಿಸಲ್ಟ್‌ಗೆ ಕಾಯ್ಬೇಡಿ, ಪರೀಕ್ಷೆ ಮುಗಿದ ತಕ್ಷಣ ಹುಡುಕೋಕೆ ಶುರು ಮಾಡಿ, ನಂಗೆ ಎದುರುಮನೆ ಕಣ್ಣಿಗೆ ಬೀಳೋಕೇ ಎರಡು ತಿಂಗಳು ಹಿಡೀತು. ಎರಡು ಮೊಲ ಇದ್ರೆ ಒಂದೊಂದು ಮನೆಗೆ ಹಂಚಬೇಡಿ, ಜೋಡೀನೇ ಕೊಡಿ.